ನಾದವೋ ನಾಮವೋ

ಹಳೆಯದೆಂಬ ಒಂದೇ ಕಾರಣದಿಂದ ವಸ್ತುವೊಂದು ಮೇಲಾಗುವುದೇ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿಯೇ ಅದು ಎದ್ದಿದೆ. ಭಾಸ, ಸೌಮಿಲ್ಲ, ಕವಿಪುತ್ರ ಮೊದಲಾದ ಹೆಸರಾಂತ ಕವಿಗಳ ಕೃತಿಗಳಿರುವಾಗ ಈಗಿನವನೊಬ್ಬನ ನಾಟಕಕ್ಕೆ ಸಭೆಯವರು ಏಕೆ ಮನ್ನಣೆ ಕೊಡಬೇಕೆಂದು ಪಾರಿಪಾರ್ಶ್ವಿಕನು ಕೇಳುತ್ತಾನೆ. ಸೂತ್ರಧಾರನು ಕೊಡುವ ಉತ್ತರವು ಸಂಸ್ಕೃತ ಬಲ್ಲವರಿಗೆಲ್ಲ ಕಂಠಸ್ಥವಾಗಿದೆ. ಪರೀಕ್ಷಿಸಿ ಆರಿಸಿಕೊಳ್ಳುವುದು ವಿವೇಕಿಯ ಲಕ್ಷಣವೆಂಬುದೇ ಅದರ ತಾತ್ಪರ್ಯ. ವಿನೋದವೇನೆಂದರೆ, ಅಂದು ಹೊಸಬನಾಗಿ ಸಭೆಯ ಮುಂದೆ ನಿಂತ ಆ ಕವಿಯ ಮಾತನ್ನು ಇಂದಿನ ಜನರು ಪ್ರಮಾಣವಾಗಿ ಎತ್ತಿ ಹೇಳುವುದು, ಅದು ಬಹು ಹಳೆಯದೆಂಬ ಗೌರವದಿಂದಲೇ!

ಕಾವ್ಯದ ವಿಷಯದಲ್ಲಿ ಇಂಥ ಪರೀಕ್ಷೆಯು ಸುಲಭವಲ್ಲ. ಕವಿಯ ಹೆಸರನ್ನು ಮರೆಮಾಡಿದರೂ ಅವನ ಶೈಲಿಯು ಅವನನ್ನು ಹಿಡಿದುಕೊಡುತ್ತದೆ. ಆದರೆ ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನೂ ಹೊಸದನ್ನೂ ಒಂದೇ ಕೋಣೆಯಲ್ಲಿಟ್ಟು, ಬಲ್ಲವರ ಕಣ್ಣಿಗೆ ಕಪ್ಪು ಕಟ್ಟಿ, ಕಿವಿಯನ್ನೊಂದನ್ನೇ ಸಾಕ್ಷಿಯಾಗಿ ಕರೆದು ವಿಚಾರಣೆ ನಡೆಸಿದ್ದಾರೆ. ಆ ವಿಷಯವು ಪಿಟೀಲು. ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ ಮುನ್ನೂರು ವರ್ಷಗಳ ಹಿಂದೆ ಮಾಡಿದ ಪಿಟೀಲುಗಳ ನಾದವನ್ನು ಇಂದಿನ ಕುಶಲಕರ್ಮಿಯು ಮಾಡಿದ ಪಿಟೀಲು ಮುಟ್ಟಬಲ್ಲುದೇ? ಮುಟ್ಟಬಲ್ಲುದಾದರೆ, ಹಳೆಯವುಗಳ ಮೇಲಿರುವ ಲೋಕದ ಭಕ್ತಿಯು ಭ್ರಮೆಯೇ? ಭ್ರಮೆಯೇ ಆದರೆ, ಅದು ಕೆಡಿಸುವ ಭ್ರಮೆಯೋ, ಕಾಪಾಡುವ ಭ್ರಮೆಯೋ? ಮೊದಲನೆಯದು ಕಿವಿಗೆ ಸೇರಿದ ಪ್ರಶ್ನೆ. ಉಳಿದೆರಡು ಧರ್ಮವಿಚಾರಕ್ಕೆ ಸೇರಿದವು.

ಅಂಟೋನಿಯೋ ಸ್ಟ್ರಾಡಿವಾರಿ ಎಂಬಾತನು 1737ರಲ್ಲಿ, ತೊಂಬತ್ತು ದಾಟಿದ ಮೇಲೆ, ಕೈಯಲ್ಲಿ ಕೆಲಸವಿದ್ದಂತೆಯೇ ತೀರಿಕೊಂಡನು. ಅವನು ಮಾಡಿದ ವಾದ್ಯಗಳು ಸಾವಿರಕ್ಕೂ ಮೇಲೆಂದು ಎಣಿಕೆ. ಉಳಿದಿರುವುವು ಸುಮಾರು ಆರುನೂರೈವತ್ತು. ಅವನ ಕಾಲದವನೇ ಆದ, ಅದೇ ಊರಿನ ಬಾರ್ತೊಲೊಮೆಯೊ ಜುಸೆಪ್ಪೆ ಗ್ವಾರ್ನೇರಿಯದು ಇನ್ನೊಂದು ಹೆಸರು. ಇವರಿಬ್ಬರ ಪಿಟೀಲುಗಳಿಗೆ ಇಂದು ಅರಮನೆಗಳ ಬೆಲೆಯುಂಟು. ಸ್ಟ್ರಾಡಿವಾರಿಯು 1721ರಲ್ಲಿ ಮಾಡಿದ ‘ಲೇಡಿ ಬ್ಲಂಟ್’ ಎಂಬ ಪಿಟೀಲು 2011ರ ಹರಾಜಿನಲ್ಲಿ ಸುಮಾರು 1 ಕೋಟಿ 59 ಲಕ್ಷ ಡಾಲರಿಗೆ ಹೋಯಿತು. ಸ್ಟ್ರಾಡಿವಾರಿಯು ವಾದ್ಯದೊಳಗೆ ಅಂಟಿಸುತ್ತಿದ್ದ ಚೀಟಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆದು ‘ಫಾಕಿಯೇಬಾಟ್’ ಎಂಬ ಕ್ರಿಯಾಪದವನ್ನು ಹಾಕುತ್ತಿದ್ದನು. ಅದಕ್ಕೆ ‘ಮಾಡಿದನು’ ಎಂದಲ್ಲ, ‘ಮಾಡುತ್ತಿದ್ದನು’ ಎಂದು ಅರ್ಥ. ಪ್ರಾಚೀನ ಗ್ರೀಕ್ ಶಿಲ್ಪಿಗಳು ತಮ್ಮ ಕೃತಿ ಇನ್ನೂ ಮುಗಿದಿಲ್ಲವೆಂಬ ವಿನಯದಿಂದ ಇಂಥ ಅಪೂರ್ಣಭೂತವನ್ನು ಬಳಸುತ್ತಿದ್ದರೆಂದು ರೋಮಿನ ಪ್ಲಿನಿಯು ಬರೆದಿದ್ದಾನೆ. ವ್ಯಾಕರಣ ಓದಿದವರಿಗೆ ಈ ಒಂದು ಲಕಾರದ ಸೊಗಸು ಬೇಗ ಹಿಡಿಸುತ್ತದೆ. ಮಾಡಿದವನು ಮುಗಿಯಲಿಲ್ಲವೆಂದುದನ್ನು ಭಕ್ತರು ಪರಿಪೂರ್ಣವೆನ್ನುತ್ತಾರೆ.

ಇಷ್ಟು ಕೀರ್ತಿಯು ಆರಂಭದಿಂದಲೇ ಬಂದುದೇ ಎಂದರೆ, ಇಲ್ಲ. ಹದಿನೆಂಟನೆಯ ಶತಮಾನದ ಬಹುಭಾಗದಲ್ಲಿ ಯೂರೋಪಿನ ರಸಿಕರು ಮೇಲೆಂದು ಕೊಂಡಾಡುತ್ತಿದ್ದುದು ಟಿರೋಲ್ ಸೀಮೆಯ ಯಾಕೋಬ್ ಸ್ಟೈನರನ ಪಿಟೀಲುಗಳನ್ನು, ಮತ್ತು ಕ್ರೆಮೋನಾದವೇ ಆದರೂ ಇನ್ನೂ ಹಳೆಯವಾದ ಅಮಾಟಿ ಮನೆತನದವುಗಳನ್ನು. ಅವುಗಳ ಬೆನ್ನು ಹೊಟ್ಟೆಗಳು ಹೆಚ್ಚು ಉಬ್ಬಿರುತ್ತಿದ್ದುವು. ನಾದವು ಮೃದು, ಮಧುರ. ಹತ್ತಿಪ್ಪತ್ತು ಜನ ಕುಳಿತು ಕೇಳುವ ಸಿರಿವಂತರ ಪಡಸಾಲೆಗೆ ತಕ್ಕುದು. ಮುಂದೆ ಹಣ ಕೊಟ್ಟು ಒಳಬರುವ ದೊಡ್ಡ ಸಭಾಮಂದಿರಗಳು ಹುಟ್ಟಿದುವು. 1782ರಲ್ಲಿ ವಿಯೋತ್ತಿಯೆಂಬ ಇಟಲಿಯ ವಾದಕನು ಪ್ಯಾರಿಸಿನಲ್ಲಿ ಕಛೇರಿ ಮಾಡಿ, ಸ್ಟ್ರಾಡಿವಾರಿಯ ವಾದ್ಯಕ್ಕೆ ಆ ಊರಿನಲ್ಲಿ ಹೆಸರು ತಂದನು. ಸ್ಟ್ರಾಡಿವಾರಿಯ ಉಬ್ಬು ಕಡಮೆ, ನಾದವು ದೂರ ಮುಟ್ಟತಕ್ಕುದು. ಆ ಬಳಿಕ ಸ್ಟೈನರನ ಕೀರ್ತಿಯು ಇಳಿಯಿತು, ಸ್ಟ್ರಾಡಿವಾರಿಯದು ಏರಿತು. ಎಂದಮೇಲೆ, ಎರಡು ಬಗೆಯ ವಾದ್ಯಗಳೂ ಹಳೆಯವಾಗುತ್ತಲೇ ಇದ್ದಾಗ ಒಂದರ ಮಾನ ಹೆಚ್ಚಿ ಇನ್ನೊಂದರದು ಕುಂದಿದುದಕ್ಕೆ ವಯಸ್ಸು ಕಾರಣವಲ್ಲ. ಕೇಳುವ ಜನರ ಸಂಖ್ಯೆಯೂ ರುಚಿಯೂ ಮಾರ್ಪಟ್ಟುದೇ ಕಾರಣ.

ಇನ್ನೂ ಒಂದು ಸಂಗತಿಯನ್ನು ಭಕ್ತರು ಮರೆಯುವುದುಂಟು. ಇಂದು ಕಛೇರಿಗಳಲ್ಲಿ ನುಡಿಯುವ ಸ್ಟ್ರಾಡಿವಾರಿ ಪಿಟೀಲು ಸ್ಟ್ರಾಡಿವಾರಿಯ ಕೈಯಿಂದ ಬಂದ ಹಾಗೆ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳ ಪೈಕಿ ಹೆಚ್ಚುಕಡಮೆ ಎಲ್ಲವುಗಳ ಕತ್ತನ್ನು ಕತ್ತರಿಸಿ, ಉದ್ದವಾದ ಬೇರೆ ಕತ್ತನ್ನು ಹಿಂದಕ್ಕೆ ಓರೆಯಾಗಿ ಕೂಡಿಸಿದರು. ಬೆರಳಾಡುವ ಹಲಗೆಯನ್ನು ಉದ್ದ ಮಾಡಿದರು. ಮೇಲುಹಲಗೆಯ ಒಳಮೈಗೆ ಅಂಟಿಸಿದ ಪಟ್ಟಿಯನ್ನು ತೆಗೆದು ದಪ್ಪನಾದುದನ್ನು ಹಾಕಿದರು. ಕುದುರೆಯನ್ನು ಎತ್ತರಿಸಿದರು. ಕರುಳಿನ ತಂತಿಯು ಹೋಗಿ ಉಕ್ಕಿನ ತಂತಿಯೂ ಲೋಹ ಸುತ್ತಿದ ತಂತಿಯೂ ಬಂದುವು. ಕಮಾನು ಕೂಡ ಹಳೆಯದಲ್ಲ. ಎರಡು ಹಲಗೆಗಳ ನಡುವೆ ನಿಲ್ಲಿಸಿದ ಪುಟ್ಟ ಕಡ್ಡಿಗೆ ಇಟಲಿಯವರು ‘ಆನಿಮಾ’, ಅಂದರೆ ಆತ್ಮ, ಎಂದು ಹೆಸರಿಟ್ಟಿದ್ದಾರೆ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೂ ನಾದವು ಬೇರೆಯಾಗುತ್ತದೆ; ಆ ಆತ್ಮವನ್ನಾದರೋ ರಿಪೇರಿಯವರು ಎಷ್ಟು ಸಲ ಬದಲಿಸಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ದೇಹವು ಮಾತ್ರ ಹಳೆಯದು, ಕತ್ತೂ ಆತ್ಮವೂ ಹೊಸವು. ವೇದಾಂತಿಗಳು ಹೇಳುವ ಕ್ರಮಕ್ಕೆ ಇದು ಪೂರಾ ತಿರುಗುಮುರುಗು! ಆದುದರಿಂದ ‘ಮುನ್ನೂರು ವರ್ಷದ ನಾದ’ ಎಂಬ ಮಾತನ್ನು ಎಚ್ಚರದಿಂದ ಆಡಬೇಕು. ಸ್ಟ್ರಾಡಿವಾರಿಯು ಇಂದು ಬಂದು ಕೇಳಿದರೆ ತನ್ನ ವಾದ್ಯವನ್ನು ನಾದದಿಂದ ಗುರುತಿಸುವನೋ ಇಲ್ಲವೋ.

ಈ ವಾದ್ಯಗಳಲ್ಲಿ ಅಡಗಿದ ರಹಸ್ಯವೇನೆಂದು ಹುಡುಕಿದವರಿಗೂ ಕೊರತೆಯಿಲ್ಲ. ಮೆರುಗೆಣ್ಣೆಯಲ್ಲಿ ರಹಸ್ಯವಿದೆಯೆಂದು ನೂರಾರು ವರ್ಷ ನಂಬಿದ್ದರು. ಪ್ಯಾರಿಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿರುವ ಸ್ಟ್ರಾಡಿವಾರಿಯ ಐದು ವಾದ್ಯಗಳ ಲೇಪವನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ ಹೇಳಿದುದೇನೆಂದರೆ, ಅದು ಆ ಕಾಲದ ಚಿತ್ರಕಾರರೂ ಬಳಸುತ್ತಿದ್ದ ಎಣ್ಣೆ, ಪೈನ್ ಮರದ ರಾಳ, ಕೆಂಪು ಬಣ್ಣ, ಅಷ್ಟೇ. 1645ರಿಂದ 1715ರ ವರೆಗೆ ಸೂರ್ಯನಲ್ಲಿ ಕಲೆಗಳು ಕಡಮೆಯಾಗಿ ಯೂರೋಪಿನಲ್ಲಿ ಚಳಿಯು ಹೆಚ್ಚಿ, ಆಲ್ಪ್ಸ್ ಪರ್ವತದ ಸ್ಪ್ರೂಸ್ ಮರಗಳು ನಿಧಾನವಾಗಿ ಬೆಳೆದು ಅವುಗಳ ನಾರು ಒತ್ತಾಯಿತೆಂದು ಕೆಲವರು ಊಹಿಸಿದರು. ಮರವನ್ನು ಹುಳುವಿನಿಂದ ಕಾಪಾಡಲು ಹಾಕಿದ ಲವಣಗಳೇ ಕಾರಣವೆಂದು ಬೇರೆ ಕೆಲವರು. ಇವುಗಳಲ್ಲಿ ಸತ್ಯಾಂಶವಿರಬಹುದು. ಆದರೆ ತರ್ಕದ ಕ್ರಮವನ್ನು ಬಲ್ಲವರಿಗೆ ಇಲ್ಲಿಯ ದೋಷವು ತೋರದಿರದು: ಕಾರ್ಯವು ಉಂಟೆಂದು ಸಿದ್ಧವಾಗುವ ಮುನ್ನವೇ ಕಾರಣವನ್ನು ಹುಡುಕಹೊರಟರು. ಹಳೆಯ ಪಿಟೀಲಿನ ನಾದದಲ್ಲಿ ಹೊಸದರಲ್ಲಿಲ್ಲದ ಗುಣವುಂಟೆಂದು ಮೊದಲು ಗೊತ್ತಾಗಬೇಡವೇ?

ಅದನ್ನು ಗೊತ್ತುಮಾಡುವ ಯತ್ನಗಳೂ ಹಳೆಯವೇ. 1819ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಸವಾರನು ಸೊಂಟದ ಬಳುಕಿಲ್ಲದ, ನೇರ ಬದಿಗಳ, ಚಪ್ಪಟೆ ಹಲಗೆಯ ಪೆಟ್ಟಿಗೆಯಂಥ ಪಿಟೀಲೊಂದನ್ನು ಮಾಡಿ ವಿದ್ವಾಂಸರ ಸಮಿತಿಯ ಮುಂದೆ ನುಡಿಸಿದಾಗ, ಅದು ಹೆಸರಾಂತ ವಾದ್ಯಕ್ಕೆ ಸಮನೆಂದು ಸಮಿತಿಯವರು ಒಪ್ಪಿದರು. 1977ರಲ್ಲಿ ಲಂಡನ್ನಿನ ಬಿ.ಬಿ.ಸಿ. ಆಕಾಶವಾಣಿಯವರು ತೆರೆಯ ಹಿಂದೆ ನಾಲ್ಕು ಪಿಟೀಲುಗಳನ್ನು ನುಡಿಸಿದರು. ಅವುಗಳಲ್ಲಿ ಸ್ಟ್ರಾಡಿವಾರಿಯದೊಂದು, ಗ್ವಾರ್ನೇರಿಯದೊಂದು, ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಾದ್ಯವೊಂದು, ಮತ್ತು ಹಿಂದಿನ ವರ್ಷವಷ್ಟೇ ಮಾಡಿದ ಇಂಗ್ಲಿಷ್ ವಾದ್ಯವೊಂದು. ಕೇಳಲು ಕುಳಿತವರು ಜಗತ್ಪ್ರಸಿದ್ಧ ವಾದಕರಾದ ಐಸಾಕ್ ಸ್ಟರ್ನ್, ಪಿಂಕಸ್ ಝೂಕರ್ಮನ್ ಮತ್ತು ಹಳೆಯ ಪಿಟೀಲುಗಳ ವ್ಯಾಪಾರದಲ್ಲಿ ನುರಿತ ಚಾರ್ಲ್ಸ್ ಬೇರ್. ಮೂವರಲ್ಲಿ ಯಾರೊಬ್ಬರೂ ನಾಲ್ಕರಲ್ಲಿ ಎರಡಕ್ಕಿಂತ ಹೆಚ್ಚನ್ನು ಸರಿಯಾಗಿ ಗುರುತಿಸಲಿಲ್ಲ. ಅದರಲ್ಲಿಯೂ ಇಬ್ಬರು ಒಂದು ವರ್ಷದ ಕೂಸನ್ನು ಸ್ಟ್ರಾಡಿವಾರಿಯೆಂದು ಹೇಳಿದರು.

ಆದರೆ ತೆರೆಯ ಹಿಂದೆ ನುಡಿಸುವವನಿಗೆ ಕೈಯಲ್ಲಿರುವುದೇನೆಂದು ತಿಳಿದಿರುತ್ತದೆ. ಅವನ ಕೈಯೇ ಪಕ್ಷಪಾತ ಮಾಡಬಹುದಷ್ಟೆ. ಈ ಲೋಪವನ್ನು ನೀಗಿಸಿದುದು 2010ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಪಿಟೀಲುವಾದಕರ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಿದ್ದ ಸಂದರ್ಭದಲ್ಲಿ. ಫ್ರಾನ್ಸಿನ ವಿಜ್ಞಾನಿ ಕ್ಲಾಡಿಯಾ ಫ್ರಿಟ್ಸ್ ಎಂಬಾಕೆಯೂ, ಸ್ವತಃ ಪಿಟೀಲು ಮಾಡುವ ಜೋಸೆಫ್ ಕರ್ಟಿನ್ನನೂ ಸಂಗಡಿಗರೊಡನೆ ಅಲ್ಲಿಯ ಹೋಟೆಲಿನ ಕೋಣೆಯೊಂದರಲ್ಲಿ ಆರು ಪಿಟೀಲುಗಳನ್ನಿಟ್ಟರು. ಮೂರು ಹಳೆಯವು: ಎರಡು ಸ್ಟ್ರಾಡಿವಾರಿ, ಒಂದು ಗ್ವಾರ್ನೇರಿ. ಮೂರು ಹೊಸವು. ಹಳೆಯ ಮೂರರ ಒಟ್ಟು ಬೆಲೆ ಸುಮಾರು ಒಂದು ಕೋಟಿ ಡಾಲರು. ಹೊಸ ಮೂರರದು ಅದರ ನೂರರಲ್ಲೊಂದು ಪಾಲು. ಇಪ್ಪತ್ತೊಂದು ಮಂದಿ ನುರಿತ ವಾದಕರು ಒಬ್ಬೊಬ್ಬರಾಗಿ ಬಂದರು. ಕೋಣೆಯಲ್ಲಿ ಮಬ್ಬು ಬೆಳಕು. ವಾದಕರ ಕಣ್ಣಿಗೆ ಲೋಹ ಬೆಸೆಯುವವರು ಹಾಕಿಕೊಳ್ಳುವಂಥ ಕರಿಗನ್ನಡಕ. ಹಳೆಯ ಮರದ ವಾಸನೆಯಿಂದ ಗುಟ್ಟು ರಟ್ಟಾಗದಿರಲೆಂದು, ಗದ್ದವೂರುವ ಜಾಗದಲ್ಲಿ ಒಂದಿಷ್ಟು ಸುಗಂಧವನ್ನು ಸವರಿದ್ದರು. ಎತ್ತಿಕೊಡುವವರಿಗೂ ಕೊಡುತ್ತಿರುವುದು ಯಾವುದೆಂದು ತಿಳಿಯದು. ಮನೆಗೆ ಒಯ್ಯುವುದಾದರೆ ಯಾವುದನ್ನು ಒಯ್ಯುವಿರೆಂದು ಕೊನೆಯಲ್ಲಿ ಕೇಳಿದಾಗ, ಹದಿಮೂರು ಮಂದಿ ಹೊಸ ಪಿಟೀಲನ್ನೇ ತೋರಿಸಿದರು. ಎಲ್ಲಕ್ಕಿಂತ ಕಡಮೆ ಮೆಚ್ಚುಗೆ ಪಡೆದುದು ಸ್ಟ್ರಾಡಿವಾರಿಯ ವಾದ್ಯಗಳಲ್ಲೊಂದು. ತಾವು ಆರಿಸಿದುದು ಹಳೆಯದೋ ಹೊಸದೋ ಎಂದು ಹದಿನೇಳು ಮಂದಿಯನ್ನು ಕೇಳಿದರೆ, ಏಳು ಮಂದಿ ತಿಳಿಯದೆಂದರು, ಏಳು ಮಂದಿ ತಪ್ಪು ಹೇಳಿದರು, ಮೂವರು ಮಾತ್ರ ಸರಿಯಾಗಿ ಹೇಳಿದರು.

ಪೂರ್ವಪಕ್ಷವು ಸುಮ್ಮನಿರಲಿಲ್ಲ, ಸುಮ್ಮನಿರಬೇಕಾಗಿಯೂ ಇರಲಿಲ್ಲ. ಹೋಟೆಲಿನ ಕೋಣೆಯೆಲ್ಲಿ, ಸಾವಿರ ಜನರ ಮಂದಿರವೆಲ್ಲಿ? ಕೆಲವು ನಿಮಿಷಗಳಲ್ಲಿ ತಿಳಿಯುವ ವಸ್ತುವೇ ಸ್ಟ್ರಾಡಿವಾರಿ? ಹಳೆಯ ವಾದ್ಯಗಳ ಒಡೆಯರು ತಂತಿಯನ್ನೂ ಕಡ್ಡಿಯನ್ನೂ ಮುಟ್ಟಗೊಡಲಿಲ್ಲವಾದುದರಿಂದ, ಅವುಗಳನ್ನು ಹದಗೊಳಿಸಲು ಅವಕಾಶವೆಲ್ಲಿತ್ತು? ಈ ಆಕ್ಷೇಪಗಳು ನ್ಯಾಯವಾದುವು. ಆ ಸಂಶೋಧಕರ ದೊಡ್ಡತನವೇನೆಂದರೆ, ಅವರು ಉತ್ತರವನ್ನು ವಾದದಿಂದ ಕೊಡದೆ ಮತ್ತೊಂದು ಪರೀಕ್ಷೆಯಿಂದ ಕೊಟ್ಟರು. 2012ರಲ್ಲಿ ಪ್ಯಾರಿಸಿನ ಬಳಿಯ ವೆನ್ಸೆನ್ನಿನಲ್ಲಿ ಹತ್ತು ಮಂದಿ ಪ್ರಖ್ಯಾತ ವಾದಕರನ್ನು ಕರೆಸಿ, ಆರು ಹಳೆಯವು ಆರು ಹೊಸವು ಹೀಗೆ ಹನ್ನೆರಡು ಪಿಟೀಲುಗಳನ್ನು ಅವರ ಮುಂದಿಟ್ಟರು. ಒಬ್ಬೊಬ್ಬರಿಗೂ ಅಭ್ಯಾಸದ ಕೋಣೆಯಲ್ಲೊಮ್ಮೆ, ಮುನ್ನೂರು ಪೀಠಗಳ ಮಂದಿರದಲ್ಲೊಮ್ಮೆ, ಎಪ್ಪತ್ತೈದೆಪ್ಪತ್ತೈದು ನಿಮಿಷಗಳ ಅವಧಿ ಕೊಟ್ಟರು. ಹತ್ತರಲ್ಲಿ ಆರು ಮಂದಿ ಹೊಸದನ್ನು ಆರಿಸಿದರು. ಎಲ್ಲಕ್ಕೂ ಮಿಗಿಲಾಗಿ ಮೆಚ್ಚುಗೆ ಪಡೆದುದೂ ಹೊಸದೇ. ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳುವಾಗ ಅವರ ಮಾತು ಕಾಸು ಚಿಮ್ಮಿ ಹೇಳಿದಷ್ಟೇ ನಿಜವಾಯಿತು. ಹಳೆಯ ಪಿಟೀಲು ನುಡಿಸುವವನ ಕಿವಿಯಲ್ಲಿ ಮೆಲ್ಲಗೆ ಕೇಳಿದರೂ ಮಂದಿರದ ಕೊನೆಯ ಸಾಲನ್ನು ಮುಟ್ಟುತ್ತದೆಂಬ ನಂಬಿಕೆಯೊಂದಿತ್ತು. ಅದನ್ನೂ ಬಿಡಲಿಲ್ಲ. ವೆನ್ಸೆನ್ನಿನಲ್ಲಿ ಐವತ್ತೈದು, ನ್ಯೂಯಾರ್ಕಿನಲ್ಲಿ ಎಂಬತ್ತೆರಡು ಕೇಳುಗರನ್ನು ಕೂಡಿಸಿ ಕೇಳಿದಾಗ, ದೂರ ಮುಟ್ಟುವ ಶಕ್ತಿಯು ಹೊಸವುಗಳಲ್ಲಿಯೇ ಹೆಚ್ಚೆಂದು ಕಂಡಿತು. ಈ ಫಲವು 2017ರಲ್ಲಿ ಪ್ರಕಟವಾಯಿತು.

ಇದರಿಂದ ಎಲ್ಲ ಹೊಸ ಪಿಟೀಲುಗಳೂ ಎಲ್ಲ ಹಳೆಯವಕ್ಕಿಂತ ಮೇಲೆಂದು ಯಾರೂ ತಿಳಿಯಲಾಗದು. ಪರೀಕ್ಷೆಗೆ ಬಂದ ಹೊಸವು ಆರಿಸಿ ತಂದ ಉತ್ತಮ ವಾದ್ಯಗಳು, ಹಳೆಯವೂ ಅಂತೆಯೇ, ಸಂಖ್ಯೆಯೂ ಚಿಕ್ಕದು. ಸಿದ್ಧವಾದುದು ಇಷ್ಟೇ: ‘ಮುಟ್ಟಲಾಗದು’ ಎಂಬ ಪ್ರತಿಜ್ಞೆಯು ಬಿದ್ದಿತು. ವ್ಯಾಪ್ತಿಯನ್ನು ಕೆಡಿಸಲು ಒಂದು ವ್ಯಭಿಚಾರ ಸಾಕೆಂದು ತರ್ಕಸಂಗ್ರಹ ಓದುವ ಹುಡುಗನೂ ಬಲ್ಲನು. ಇಲ್ಲಿ ಒಂದಲ್ಲ, ಹಲವು ಇವೆ.

ಹಾಗಾದರೆ ಇಷ್ಟು ಕಾಲ ಬಲ್ಲವರ ಕಿವಿಗೆ ಕೇಳಿಸಿದ ಆ ಅತಿಶಯವೇನು? ಅವರು ಸುಳ್ಳು ಹೇಳಿದರೇ? ಇಲ್ಲಿ ಶಾಸ್ತ್ರಕಾರರ ಸ್ಫಟಿಕದ ದೃಷ್ಟಾಂತವು ಒದಗುತ್ತದೆ. ಬಿಳಿಯ ಸ್ಫಟಿಕದ ಬಳಿ ದಾಸವಾಳದ ಹೂವನ್ನಿಟ್ಟರೆ ಸ್ಫಟಿಕವು ಕೆಂಪಾಗಿ ತೋರುತ್ತದೆ. ನೋಡುವವನು ಸುಳ್ಳುಗಾರನಲ್ಲ, ಅವನ ಕಣ್ಣಿಗೂ ರೋಗವಿಲ್ಲ. ಕೆಂಪು ನಿಜವಾಗಿಯೂ ಕಾಣುತ್ತದೆ. ಆದರೆ ಅದು ಹೂವಿನದು, ಸ್ಫಟಿಕದ್ದಲ್ಲ. ಪಿಟೀಲಿನ ನಾದವು ಸ್ಫಟಿಕ. ಅದರ ಪಕ್ಕದಲ್ಲಿಟ್ಟ ದಾಸವಾಳವು ಸ್ಟ್ರಾಡಿವಾರಿ ಎಂಬ ನಾಮ. ಕರಿಗನ್ನಡಕವು ಮಾಡಿದ ಕೆಲಸವೆಂದರೆ ಹೂವನ್ನು ಅತ್ತ ಸರಿಸಿದುದು.

ಈ ಮಾತಿಗೆ ಲೋಕವೇ ಒಂದು ದೀರ್ಘ ಪರೀಕ್ಷೆಯನ್ನು ನಡೆಸಿದೆ, ಅದೂ ಯಾರ ಸಂಕಲ್ಪವೂ ಇಲ್ಲದೆ. ಬ್ರೋನಿಸ್ಲಾವ್ ಹೂಬರ್ಮನ್ ಎಂಬ ಮಹಾವಾದಕನಲ್ಲಿ ಸ್ಟ್ರಾಡಿವಾರಿಯು 1713ರಲ್ಲಿ ಮಾಡಿದ ಪಿಟೀಲೊಂದಿತ್ತು. 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಮಂದಿರದಲ್ಲಿ ಆತನು ಬೇರೊಂದು ಪಿಟೀಲನ್ನು ನುಡಿಸುತ್ತಿದ್ದಾಗ, ಹಿಂದಿನ ಕೋಣೆಯಲ್ಲಿಟ್ಟಿದ್ದ ಇದು ಕಳುವಾಯಿತು. ಅದು ಸೇರಿದುದು ಜೂಲಿಯನ್ ಆಲ್ಟ್‌ಮನ್ ಎಂಬ ಯುವಕವಾದಕನ ಕೈಗೆ. ಅವನು ಅದರ ಮೆರುಗಿಗೆ ಬೂಟಿನ ಪಾಲಿಷನ್ನು ಬಳಿದು ಮರೆಮಾಡಿ, ಹತ್ತಿರ ಹತ್ತಿರ ಐವತ್ತು ವರ್ಷ ಅದನ್ನು ನುಡಿಸಿ ಜೀವನ ಮಾಡಿದನು. 1985ರಲ್ಲಿ ಸಾಯುವ ಕಾಲಕ್ಕೆ ಹೆಂಡತಿಗೆ ಗುಟ್ಟು ಹೇಳಿದ ಮೇಲೆಯೇ ಲೋಕಕ್ಕೆ ತಿಳಿದುದು. ಅಷ್ಟು ವರ್ಷ ಅದೇ ಮರ, ಅದೇ ತಂತಿ, ಅದೇ ನಾದ. ಎಷ್ಟೋ ಸಾವಿರ ಕಿವಿಗಳ ಮೇಲೆ ಬಿದ್ದರೂ, ಇದು ಕಳೆದುಹೋದ ಆ ಮಹಾವಾದ್ಯವೆಂದು ಯಾರೂ ಎದ್ದು ನಿಂತು ಹೇಳಲಿಲ್ಲ. ಅದೇ ಪಿಟೀಲನ್ನು 2001ರಲ್ಲಿ ಜೋಶುವಾ ಬೆಲ್ ಎಂಬ ವಾದಕನು ನಲವತ್ತು ಲಕ್ಷ ಡಾಲರಿಗೆ ಸಮೀಪದ ಬೆಲೆ ತೆತ್ತು ಕೊಂಡನು. ಆತನು 2007ರಲ್ಲಿ ವಾಷಿಂಗ್ಟನ್ ನಗರದ ರೈಲುನಿಲ್ದಾಣದಲ್ಲಿ ವೇಷ ಮರೆಸಿ ಅದನ್ನು ನುಡಿಸಿದಾಗ, ಸಾವಿರಕ್ಕೂ ಹೆಚ್ಚು ಮಂದಿ ಹಾದುಹೋದರೂ ನಿಂತು ಕೇಳಿದವರು ಏಳೇ ಜನವೆಂಬ ಕಥೆಯನ್ನು ಇಲ್ಲಿ ತಂದು ಸೇರಿಸುವವರುಂಟು. ಅದು ಅಷ್ಟು ಬಲವಾದ ಸಾಕ್ಷ್ಯವಲ್ಲ. ಬೆಳಗಿನ ಹೊತ್ತು ಕಚೇರಿಗೆ ಓಡುವವನ ಮುಂದೆ ತುಂಬುರನೇ ಬಂದು ನುಡಿಸಿದರೂ ಅವನು ಗಡಿಯಾರವನ್ನೇ ನೋಡುವನು.

ಈಗ ಧರ್ಮದ ಪ್ರಶ್ನೆ. ನಾಮದ ಬಣ್ಣವು ನಾದಕ್ಕೆ ಅಂಟಿದರೆ ಆಗುವ ಕೇಡೇನು? ಹಳೆಯ ವಾದ್ಯವನ್ನು ಕೈಗೆತ್ತಿಕೊಂಡ ವಾದಕನು ಹೀಗೆ ವಾದಿಸಬಹುದು: ‘ಇದರಲ್ಲಿ ಇನ್ನೂ ತೆಗೆಯದ ನಾದವಿದೆಯೆಂಬ ನಂಬಿಕೆಯಿಂದ ದಿನವೂ ಹುಡುಕುತ್ತೇನೆ, ಹುಡುಕಿದುದರಿಂದ ದೊರೆಯುತ್ತದೆ. ನಂಬಿಕೆಯು ಸುಳ್ಳಾದರೇನು, ಫಲವು ನಿಜವಲ್ಲವೇ?’ ಇದು ತಳ್ಳಿಹಾಕುವ ಮಾತಲ್ಲ. ಧರ್ಮಕೀರ್ತಿಯೆಂಬ ಬೌದ್ಧ ತಾರ್ಕಿಕನು ಕೊಟ್ಟ ದೃಷ್ಟಾಂತವೊಂದುಂಟು; ಪಂಚದಶಿಯ ಧ್ಯಾನದೀಪ ಪ್ರಕರಣದಲ್ಲಿ ಅದನ್ನು ಎತ್ತಿಕೊಂಡು ವಿಸ್ತರಿಸಿದ್ದಾರೆ. ಇಬ್ಬರು ಕತ್ತಲಲ್ಲಿ ದೂರದಿಂದ ಹೊಳಪನ್ನು ಕಾಣುತ್ತಾರೆ. ಒಬ್ಬನಿಗೆ ಕಂಡುದು ರತ್ನದ ಪ್ರಭೆ, ಮತ್ತೊಬ್ಬನಿಗೆ ದೀಪದ ಪ್ರಭೆ. ಇಬ್ಬರೂ ಆ ಹೊಳಪನ್ನೇ ರತ್ನವೆಂದು ತಿಳಿದು ಓಡುತ್ತಾರೆ. ಪ್ರಭೆಯು ರತ್ನವಲ್ಲವಾದುದರಿಂದ ಇಬ್ಬರದೂ ಭ್ರಮೆಯೇ. ಆದರೆ ಮೊದಲನೆಯವನ ಕೈಗೆ ರತ್ನವು ಸಿಕ್ಕುತ್ತದೆ, ಎರಡನೆಯವನ ಕೈ ಬರಿದು. ಫಲಕ್ಕೆ ಮುಟ್ಟಿಸುವ ಮೊದಲನೆಯ ಭ್ರಮೆಗೆ ಸಂವಾದಿಭ್ರಮವೆಂದು ಹೆಸರು. ಮುಟ್ಟಿಸದ ಎರಡನೆಯದು ವಿಸಂವಾದಿ.

ಸ್ಟ್ರಾಡಿವಾರಿಯನ್ನು ಪಡೆದ ವಾದಕನದು ಸಂವಾದಿಭ್ರಮವೆನ್ನಬಹುದು. ಅವನ ನಂಬಿಕೆಯ ಹಿಂದೆ ಏನೂ ಇಲ್ಲದೆ ಇಲ್ಲ. ಒಳ್ಳೆಯ ವಾದ್ಯವೊಂದು ನಿಜವಾಗಿಯೂ ಇದೆ. ಅಂಥದು ಬೇರೆಲ್ಲಿಯೂ ಇಲ್ಲವೆಂದು ತಿಳಿದುದಷ್ಟೇ ತಪ್ಪು. ಆ ತಪ್ಪು ಅವನಿಗೆ ನಷ್ಟವುಂಟುಮಾಡದು. ಹಾಗಾದರೆ ನಷ್ಟವು ಯಾರಿಗೆ? ಅದನ್ನು ಪಡೆಯಲಾರದವನಿಗೆ. ಕೈಯಲ್ಲಿ ಬಲವುಳ್ಳ ಬಡ ತರುಣನೊಬ್ಬನು, ಹಳೆಯ ಇಟಲಿಯ ವಾದ್ಯವಿಲ್ಲದೆ ಮೇಲಕ್ಕೆ ಬರಲಾಗದೆಂದು ಗುರುಗಳಿಂದಲೂ ವ್ಯಾಪಾರಿಗಳಿಂದಲೂ ಕೇಳಿ ಬೆಳೆಯುತ್ತಾನೆ. ತನ್ನ ಹೊಸ ಪಿಟೀಲು ನುಡಿಯದಿದ್ದಾಗ, ಅಭ್ಯಾಸ ಸಾಲದೆಂದು ತಿಳಿಯದೆ ಮರವನ್ನು ಬಯ್ಯುತ್ತಾನೆ. ನುಡಿದಾಗ, ಇನ್ನೂ ಮೇಲಾದ ನಾದವು ತನ್ನ ಪಾಲಿಗಿಲ್ಲವೆಂದು ಕೊರಗುತ್ತಾನೆ. ಅವನು ಹುಡುಕುವುದನ್ನೇ ಬಿಡುತ್ತಾನೆ. ಒಬ್ಬನನ್ನು ಹುಡುಕಲು ಹಚ್ಚಿದ ನಂಬಿಕೆಯೇ ಮತ್ತೊಬ್ಬನ ಹುಡುಕಾಟವನ್ನು ನಿಲ್ಲಿಸಿತು. ಒಬ್ಬನ ಸಂವಾದಿಭ್ರಮವು ನೂರು ಮಂದಿಗೆ ವಿಸಂವಾದಿಯಾಗಿ ಪರಿಣಮಿಸುವುದಾದರೆ, ಆ ಒಬ್ಬನ ಸುಖವನ್ನು ಮುಂದಿಟ್ಟು ಅದನ್ನು ಸಮರ್ಥಿಸುವುದು ಧರ್ಮವಾಗದು. ಶಾಸ್ತ್ರಕಾರರ ದೃಷ್ಟಾಂತದಲ್ಲಿ ಇಬ್ಬರೂ ಬೇರೆ ಬೇರೆ ಹೊಳಪಿನ ಹಿಂದೆ ಓಡಿದರು, ಒಬ್ಬನ ಓಟವು ಇನ್ನೊಬ್ಬನನ್ನು ಕೆಡವಲಿಲ್ಲ. ಇಲ್ಲಿ ಹಾಗಲ್ಲ.

ಎರಡನೆಯ ನಷ್ಟವು ಬದುಕಿರುವ ಕುಶಲಕರ್ಮಿಗೆ. ಸ್ಟ್ರಾಡಿವಾರಿಗೆ ಅವನ ಜೀವಮಾನದಲ್ಲಿಯೇ ರಾಜರೂ ಪ್ರಭುಗಳೂ ಹೊಸ ವಾದ್ಯಗಳಿಗಾಗಿ ಹೇಳಿಕಳುಹುತ್ತಿದ್ದರು. ಮುನ್ನೂರು ವರ್ಷ ಒಣಗಲಿ, ಆಮೇಲೆ ಕೊಳ್ಳುತ್ತೇವೆಂದು ಯಾರೂ ಹೇಳಲಿಲ್ಲ. ಇಂದು ಅಂಥ ಕೈಯುಳ್ಳವನು ಮಾಡಿದುದನ್ನು ಕೊಳ್ಳುವವನು ‘ಚೆನ್ನಾಗಿದೆ, ಸ್ಟ್ರಾಡಿವಾರಿಯ ಹಾಗಿದೆ’ ಎನ್ನುತ್ತಾನೆ. ಹೊಗಳಿಕೆಯಲ್ಲಿಯೂ ಕೀಳುಮಾಡುವ ಈ ರೀತಿಯಿಂದ ಬೇಸತ್ತೋ ಏನೋ, ಹೊಸ ವಾದ್ಯಕ್ಕೆ ಬೇಕೆಂದೇ ಗೀರು ಹಾಕಿ, ಮೆರುಗನ್ನು ತೇಯಿಸಿ, ಹಳೆಯದರಂತೆ ಕಾಣಿಸುವ ಪದ್ಧತಿಯು ಬೆಳೆದಿದೆ. ಹರೆಯದ ಮಗಳಿಗೆ ನರೆಗೂದಲು ಅಂಟಿಸಿ ವಧುಪರೀಕ್ಷೆಗೆ ಕೂಡಿಸಿದಂತೆ! ಇದಕ್ಕಿಂತ ಕೀಳಾದುದು ಸುಳ್ಳು ಚೀಟಿಯ ವ್ಯಾಪಾರ. ಜರ್ಮನಿ, ಬೊಹೀಮಿಯಾ, ಫ್ರಾನ್ಸುಗಳ ಕಾರ್ಖಾನೆಗಳು ಹತ್ತೊಂಬತ್ತನೆಯ ಶತಮಾನದಿಂದ ಲೆಕ್ಕವಿಲ್ಲದಷ್ಟು ಅಗ್ಗದ ಪಿಟೀಲುಗಳೊಳಗೆ ಸ್ಟ್ರಾಡಿವಾರಿಯ ಚೀಟಿಯನ್ನು ಅಂಟಿಸಿ ದೇಶದೇಶಗಳಿಗೆ ಕಳುಹಿದುವು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಂಥದೊಂದು ಸಿಕ್ಕಿ, ಚೀಟಿಯನ್ನೋದಿ ಕೋಟಿಯ ಕನಸು ಕಂಡು, ಬಲ್ಲವರಲ್ಲಿಗೆ ಹೋಗಿ ಬಾಡಿದ ಮುಖದಿಂದ ಹಿಂದಿರುಗಿದ ಮನೆಗಳು ಎಷ್ಟೋ. ಇವರಿಗೆ ಕಂಡುದು ದೀಪದ ಪ್ರಭೆ.

ಮೂರನೆಯ ನಷ್ಟವು ನಾದಕ್ಕೇ. ಬೆಲೆಯು ವಾದಕರ ಕೈಗೆಟುಕದಷ್ಟು ಏರಿದುದರಿಂದ ಈ ವಾದ್ಯಗಳು ಧನಿಕರ, ಬ್ಯಾಂಕುಗಳ, ಪ್ರತಿಷ್ಠಾನಗಳ ಸ್ವತ್ತಾದುವು. ಅವರಲ್ಲಿ ಅನೇಕರು ಯೋಗ್ಯರಾದ ವಾದಕರಿಗೆ ಎರವಲು ಕೊಡುತ್ತಾರೆ, ಅದು ಸತ್ಕಾರ್ಯವೇ. ಉಳಿದವರು ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಬೆಲೆಯೇರುವುದನ್ನು ಕಾಯುತ್ತಾರೆ. ನಾದಕ್ಕಾಗಿ ಇಷ್ಟು ಬೆಲೆಯೆಂದು ಹೇಳಿ ಕೊಂಡ ವಸ್ತುವನ್ನು, ಆ ಬೆಲೆಯ ದೆಸೆಯಿಂದಲೇ ಮೂಕಮಾಡಿ ಇಡುವುದಕ್ಕಿಂತ ವಿಪರೀತವುಂಟೇ? ಇದಕ್ಕೆ ಪ್ರತಿಯಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. 2011ರಲ್ಲಿ ಲೇಡಿ ಬ್ಲಂಟನ್ನು ಮಾರಿದ ಜಪಾನಿನ ಸಂಗೀತ ಪ್ರತಿಷ್ಠಾನವು, ಆ ಹಣವನ್ನು ಅದೇ ವರ್ಷದ ಭೂಕಂಪ ಮತ್ತು ಸಮುದ್ರದುಬ್ಬರದಲ್ಲಿ ನೊಂದವರ ಪರಿಹಾರಕ್ಕೆ ಕೊಟ್ಟಿತು. ನಾಮದ ಬೆಲೆಯು ಅನ್ನವೂ ಸೂರೂ ಆದ ಸಂದರ್ಭವದು. ಲೋಕದಲ್ಲಿ ಭ್ರಮೆಯೆಲ್ಲವೂ ಒಂದೇ ದಾರಿಯಲ್ಲಿ ಹರಿಯುವುದಿಲ್ಲ.

ಸತ್ಯವನ್ನು ಹೇಳಿದರೆ ಹಳೆಯ ವಾದ್ಯಗಳ ಮಾನವೇ ಹೋದೀತೆಂಬ ಭಯವು ನಿರಾಧಾರ. ಏಕೆಂದರೆ ನಾದವೊಂದೇ ಅವುಗಳ ಮಾನವಲ್ಲ. ಪಗನೀನಿಯು ಪ್ರಾಣದಂತೆ ನೋಡಿಕೊಂಡಿದ್ದ, ಗ್ವಾರ್ನೇರಿಯು 1743ರಲ್ಲಿ ಮಾಡಿದ ‘ಕನ್ನೋನೆ’ ಎಂಬ ಪಿಟೀಲು ಜಿನೋವಾ ನಗರದಲ್ಲಿದೆ. 1840ರಲ್ಲಿ ತೀರಿಕೊಂಡ ಆತನು ಅದನ್ನು ತನ್ನ ಹುಟ್ಟೂರಿಗೆ ಬರೆದಿಟ್ಟಿದ್ದನು. ಆತನ ಹೆಸರಿನ ಸ್ಪರ್ಧೆಯಲ್ಲಿ ಗೆದ್ದವರಿಗೆ ಅದನ್ನು ನುಡಿಸುವ ಭಾಗ್ಯವನ್ನು ಕೊಡುವ ವಾಡಿಕೆಯುಂಟು. ಅದನ್ನು ಕತ್ತಿಗಿಟ್ಟುಕೊಂಡ ತರುಣಿಯ ಮೈ ನವಿರೇಳುವುದು ಭ್ರಮೆಯಿಂದಲ್ಲ. ಪಗನೀನಿಯ ಗದ್ದವು ತಾಗಿದ ಮರವಿದೆಂಬುದು ನಿಜವಾದ ಸಂಗತಿ. ಅದಕ್ಕಾಗಿ ಕಣ್ಣು ಕಟ್ಟಿ ಪರೀಕ್ಷಿಸಬೇಕಾದುದಿಲ್ಲ. ತಾಯಿ ಮೀಟುತ್ತಿದ್ದ ತಂಬೂರಿಯನ್ನು ಮಗಳು ಪೂಜಿಸುವುದು ಅದರ ಶ್ರುತಿಯು ಬೇರೆಲ್ಲ ತಂಬೂರಿಗಳಿಗಿಂತ ಶುದ್ಧವೆಂದಲ್ಲ. ಸ್ಮರಣೆಗೆ ಸ್ಮರಣೆಯದೇ ಆದ ಯೋಗ್ಯತೆಯಿದೆ. ಸ್ಮರಣೆಯು ನಾದದ ವೇಷ ಹಾಕಿಕೊಂಡು ಪೇಟೆಗೆ ಬಂದಾಗಲಷ್ಟೇ ಸುಳ್ಳು ಹುಟ್ಟುವುದು. ಭೌತವಸ್ತುವಿನ ಗುಣವೆಂದು ಹೇಳಿದ ಮೇಲೆ ಅದು ಪರೀಕ್ಷೆಗೆ ಒಳಪಡಲೇಬೇಕು. ಪರೀಕ್ಷೆಯಲ್ಲಿ ಬಿದ್ದ ಮೇಲೆ, ‘ಇದು ಭಕ್ತಿಯ ವಿಷಯ’ ಎಂದು ಹಿಂದೆ ಸರಿಯುವುದು ಸರಳವಾದ ನಡತೆಯಲ್ಲ.

ಕನ್ನಡನಾಡಿನಲ್ಲಿ ಪಿಟೀಲಿನ ನಡೆ ಬೇರೆಯಾಯಿತು. ದಕ್ಷಿಣದ ಸಂಗೀತಕ್ಕೆ ಅದು ಬಂದುದು ಬಾಲಸ್ವಾಮಿ ದೀಕ್ಷಿತರ ಕಾಲದಲ್ಲಿ. ಅದಕ್ಕೆ ಇಲ್ಲಿ ಪೂಜಿಸಬೇಕಾದ ಪೂರ್ವಿಕರಿರಲಿಲ್ಲ. ಬಂದವರು ಅದನ್ನು ನಿಂತು ನುಡಿಸುವ ಬದಲು ಕುಳಿತು, ಸುರುಳಿಯ ತುದಿಯನ್ನು ಪಾದಕ್ಕೆ ಆನಿಸಿ, ಶ್ರುತಿಯನ್ನು ತಮಗೆ ಬೇಕಾದಂತೆ ಕೂಡಿಸಿಕೊಂಡರು. ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕಗಳಿಲ್ಲದ ಕಾಲದ ದೊಡ್ಡ ಸಭೆಗಳಲ್ಲಿ ನಾದವು ಹಿಂದಿನವರೆಗೆ ಮುಟ್ಟದುದನ್ನು ಕಂಡು, ಹಳೆಯ ಇಟಲಿಯ ವಾದ್ಯಕ್ಕಾಗಿ ಹಂಬಲಿಸಲಿಲ್ಲ. ನಾಲ್ಕು ತಂತಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ವಾದ್ಯವು ಕಿವಿಗಾಗಿ ಇರುವುದೆಂಬ ವಿವೇಕವು ಅಲ್ಲಿ ಕಾಣುತ್ತದೆ. ಅವರ ತರುವಾಯ ಆ ಏಳು ತಂತಿಯನ್ನು ಹೆಚ್ಚು ಜನರು ಹಿಡಿಯಲಿಲ್ಲ, ಧ್ವನಿವರ್ಧಕವು ಬಂದು ಅದರ ಅಗತ್ಯವನ್ನು ತೆಗೆದುಹಾಕಿತು. ಅದಕ್ಕಾಗಿ ಯಾರೂ ಶೋಕಿಸಬೇಕಾಗಿಲ್ಲ.

ಉಳಿದಿರುವುದು ಆಕ್ಸ್‌ಫರ್ಡ್ ನಗರದ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಪಿಟೀಲಿನ ಮಾತು. ಸ್ಟ್ರಾಡಿವಾರಿಯು 1716ರಲ್ಲಿ ಮಾಡಿ, ಸಾಯುವವರೆಗೂ ಮಾರದೆ ತನ್ನಲ್ಲಿಯೇ ಇಟ್ಟುಕೊಂಡಿದ್ದುದೆಂದು ಹೇಳುವ ವಾದ್ಯವದು. ‘ಮೆಸ್ಸಾಯ’ ಎಂದು ಅದರ ಹೆಸರು. ಟರೀಸಿಯೋ ಎಂಬ ವ್ಯಾಪಾರಿಯು ಅದನ್ನು ಯಾರಿಗೂ ತೋರಿಸದೆ ವರ್ಷಾನುಗಟ್ಟಲೆ ವರ್ಣಿಸುತ್ತಿದ್ದನಾಗಿ, ಬರುವನು ಬರುವನು ಎಂದು ಕಾದರೂ ಬಾರದ ಯೆಹೂದ್ಯರ ಉದ್ಧಾರಕನಂತೆ ಇದೂ ಎಂದು ಯಾರೋ ಹಾಸ್ಯ ಮಾಡಿದುದು ಹೆಸರಾಗಿ ನಿಂತಿತು. ಅದು ನಿಜವಾಗಿ ಸ್ಟ್ರಾಡಿವಾರಿಯದೇ ಎಂಬ ಸಂಶಯವೂ ಎದ್ದು, ಮರದ ವರ್ಷವಲಯಗಳನ್ನು ಎಣಿಸಿದವರು ಕಾಲವು ಸರಿಹೊಂದುತ್ತದೆಂದು ಹೇಳಿದರು. ಲಂಡನ್ನಿನ ಹಿಲ್ ಮನೆತನದವರು ಅದನ್ನು ಸಂಗ್ರಹಾಲಯಕ್ಕೆ ಕೊಡುವಾಗ, ಮುಂದೆ ಪಿಟೀಲು ಮಾಡುವವರು ನೋಡಿ ಕಲಿಯುವ ಮಾದರಿಯಾಗಿ ಅದು ಕೆಡದೆ ಉಳಿಯಲೆಂದು ಬಯಸಿದರು. ಆದಕಾರಣ ಅದನ್ನು ನುಡಿಸುವುದಿಲ್ಲ. ಸ್ಟ್ರಾಡಿವಾರಿಯ ಪಿಟೀಲುಗಳಲ್ಲಿ ಅತ್ಯಂತ ಕೀರ್ತಿವಂತವಾದುದರ ನಾದವು ಹೇಗಿದೆಯೆಂದು ಬದುಕಿರುವವರಲ್ಲಿ ಬಲ್ಲವರು ಇಲ್ಲವೆನ್ನುವಷ್ಟು ವಿರಳ. ನೋಡಲು ಬರುವವರಲ್ಲಿ ಪಿಟೀಲು ಮಾಡುವವರೂ ಇರುತ್ತಾರೆ. ಅವರು ಅದರ ಉಬ್ಬನ್ನೂ ಅಂಚನ್ನೂ ಸುರುಳಿಯ ತಿರುವನ್ನೂ ಗಾಜಿನ ಹೊರಗಿನಿಂದ ಬಹಳ ಹೊತ್ತು ನೋಡಿ, ತಮ್ಮ ಊರಿಗೆ ಹಿಂದಿರುಗಿ ಕೆಲಸಕ್ಕೆ ಕೂಡುತ್ತಾರೆ.